ಕುಚ್ಚು ಕಟ್ಟುತ್ತಾ ಕೇಳಿದ ಡ್ರಾಕುಲಾ: ಲಿಬ್ರಿವಾಕ್ಸ್ ಜೊತೆ ಹಲವು ವರ್ಷ

ಲಿಬ್ರಿವಾಕ್ಸ್‌ಗೆ, ಅಂದರೆ ಹಳೆಯ ಪುಸ್ತಕಗಳನ್ನು ಉಚಿತವಾಗಿ ಓದಿ ಕೇಳಿಸುವ ಜಾಲತಾಣಕ್ಕೆ, ಹೊಸದಾಗಿ ಬರುವವರಿಗೆ ನಾನು ಹೇಳುವುದು ಒಂದೇ ಮಾತು. ಪುಸ್ತಕದ ಹೆಸರು ನೋಡಿದ ಕೂಡಲೇ ಡೌನ್‌ಲೋಡ್ ಒತ್ತಬೇಡಿ. ಓದುವವರ ದನಿಯನ್ನು ಐದು ನಿಮಿಷ ಕೇಳಿ. ಹಿಡಿಸಿದರೆ ಮಾತ್ರ ಮುಂದಕ್ಕೆ ಹೋಗಿ. ಒಂದೇ ಕಾದಂಬರಿ ಒಬ್ಬರ ಬಾಯಲ್ಲಿ ನಿದ್ದೆ ತರಿಸುತ್ತದೆ, ಇನ್ನೊಬ್ಬರ ಬಾಯಲ್ಲಿ ನಿದ್ದೆ ಕೆಡಿಸುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಆಡಿಯೋ ಪುಸ್ತಕಗಳಲ್ಲೂ ಇದು ಇದ್ದದ್ದೇ. ಆದರೆ ಇಲ್ಲಿ ಆ ಅಂತರ ಜಾಸ್ತಿ.

ನನ್ನ ಕೆಲಸ ಸೀರೆಗೆ ಫಾಲ್ ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟುವುದು. ಮೆಷಿನ್ ಮುಂದೆ ಕೂತರೆ ಬೇರೇನೂ ಕೇಳಿಸುವುದಿಲ್ಲ. ಕುಚ್ಚು ಕಟ್ಟುವಾಗ ಹಾಗಲ್ಲ. ಕಣ್ಣಿಗೂ ಕೈಗೂ ಬಿಡುವಿಲ್ಲ, ಕಿವಿ ಮಾತ್ರ ಪೂರ್ತಿ ಖಾಲಿ. ಹಾಡು ಕೇಳಿ ಕೇಳಿ ಸಾಕಾಗಿತ್ತು. ಡಿಗ್ರಿಯಲ್ಲಿ ಐಚ್ಛಿಕ ಇಂಗ್ಲಿಷ್ ಓದಿದವಳು ನಾನು, ಆಗ ಪೂರ್ತಿ ಓದದೆ ಬಿಟ್ಟ ಪುಸ್ತಕಗಳು ಬೇಕಾದಷ್ಟಿದ್ದವು. ಹಾಗೆ ಇಲ್ಲಿಗೆ ಬಂದೆ. ಹೆಚ್ಚಾಗಿ ಕೇಳಿದ್ದು 1890ರಿಂದ 1910ರ ನಡುವಿನ ಇಂಗ್ಲಿಷ್ ಕಥೆ, ಕಾದಂಬರಿಗಳನ್ನು. ಈ ವಿಮರ್ಶೆಯೂ ಅಷ್ಟರ ಮಟ್ಟಿಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2005ರ ಆಗಸ್ಟ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯೂ ಮೆಕ್‌ಗೈರ್ ಎಂಬವರು ಇದನ್ನು ಶುರು ಮಾಡಿದರು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಜನರೇ ಮನೆಯಲ್ಲಿ ಕೂತು ಓದಿ, ರೆಕಾರ್ಡ್ ಮಾಡಿ ಕೊಡುವುದು, ಯಾರು ಬೇಕಾದರೂ ಉಚಿತವಾಗಿ ಕೇಳುವುದು. ಇಷ್ಟೇ ಯೋಜನೆ. ಮೊದಲು ಓದಿದ್ದು 1907ರ ಒಂದು ಕಾದಂಬರಿ, ಜೋಸೆಫ್ ಕಾನ್ರಾಡ್‌ನ 'ದಿ ಸೀಕ್ರೆಟ್ ಏಜೆಂಟ್'. ಹಲವರು ಅಧ್ಯಾಯ ಹಂಚಿಕೊಂಡು ಓದಿದರು. ಕಡತಗಳು ಇರುವುದು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ. ಲಾಗಿನ್ ಬೇಡ, ತಿಂಗಳ ಚಂದಾ ಇಲ್ಲ, ನಡುವೆ ಜಾಹೀರಾತಿಲ್ಲ.

ನಾನು ಹೇಳುತ್ತಿರುವ ಕಾಲದ ಪುಸ್ತಕಗಳು ಇಲ್ಲಿ ರಾಶಿ ಬಿದ್ದಿವೆ. ಇದಕ್ಕೆ ಕಾರಣ ಅಮೆರಿಕದ ಕಾನೂನು. ಹಳೆಯ ಪುಸ್ತಕಗಳಿಗೆ ಅಲ್ಲಿ ಹಕ್ಕು ಇರುವುದು ಹೆಚ್ಚೆಂದರೆ ಪ್ರಕಟವಾದ ಮೇಲೆ 95 ವರ್ಷ. ಈಗ ಪ್ರತಿ ಜನವರಿ 1ಕ್ಕೆ ಇನ್ನೊಂದು ವರ್ಷದ ಪುಸ್ತಕಗಳು ಬಿಡುಗಡೆಯಾಗುತ್ತವೆ. ನಮ್ಮ ದೇಶದ ಲೆಕ್ಕ ಬೇರೆ, ಲೇಖಕರು ತೀರಿಕೊಂಡ ಮೇಲೆ 60 ವರ್ಷ. ವೆಲ್ಸ್, ಕಾನ್ರಾಡ್, ಕಾನನ್ ಡಾಯ್ಲ್ ವಿಷಯದಲ್ಲಿ ತಲೆಬಿಸಿ ಇಲ್ಲ. ಆದರೆ ಹಾಸ್ಯ ಲೇಖಕ ಪಿ. ಜಿ. ವುಡ್‌ಹೌಸ್ ತೀರಿಕೊಂಡದ್ದು 1975ರಲ್ಲಿ. ಆತನ ಹಳೆಯ ಪುಸ್ತಕಗಳು ಅಲ್ಲಿ ಬಿಡುಗಡೆಯಾಗಿದ್ದರೂ ಇಲ್ಲಿ 2035ರ ಕೊನೆಯವರೆಗೆ ಹಕ್ಕಿದೆ. ನಿಮ್ಮ ದೇಶದ ಕಾನೂನು ನೋಡಿಕೊಳ್ಳಿ ಎಂದು ಲಿಬ್ರಿವಾಕ್ಸ್‌ನವರೇ ಹೇಳುತ್ತಾರೆ.

ಈಗ ದನಿಯ ವಿಷಯಕ್ಕೆ ಬರೋಣ. ಇಲ್ಲಿ ಓದಲು ಆಡಿಷನ್ ಇಲ್ಲ. ಒಂದು ನಿಮಿಷದ ರೆಕಾರ್ಡಿಂಗ್ ಕಳಿಸಬೇಕು, ಅದರಲ್ಲಿ ನೋಡುವುದು ಮೈಕು, ಸದ್ದಿನ ಮಟ್ಟ, ಹಿನ್ನೆಲೆಯ ಗಲಾಟೆ ಇಷ್ಟನ್ನೇ. ಓದು ಮುಗಿದ ಮೇಲೆ ಇನ್ನೊಬ್ಬರು ಪೂರ್ತಿ ಕೇಳಿ, ಒಂದೇ ಸಾಲು ಎರಡು ಸಲ ಬಂದಿದೆಯಾ, ನಡುವೆ ಉದ್ದ ಮೌನ ಬಿದ್ದಿದೆಯಾ ಅಂತ ಪರೀಕ್ಷಿಸುತ್ತಾರೆ. ಉಚ್ಚಾರಣೆ ಸರಿಯಿಲ್ಲ, ಭಾವ ಸಾಲದು ಅಂತ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಅದು ಅವರ ತತ್ವ. ಹಾಗಾಗಿ ಪಳಗಿದ ನಾಟಕದವರ ಹಾಗೆ ಓದುವವರೂ ಸಿಗುತ್ತಾರೆ, ವಾರ್ತೆ ಓದುವ ಹಾಗೆ ಒಂದೇ ಸಮ ಓದಿಕೊಂಡು ಹೋಗುವವರೂ ಸಿಗುತ್ತಾರೆ. ನಮ್ಮ ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು, "ಯಾರಮ್ಮ ಅವನು, ಬೆಳಿಗ್ಗೆಯಿಂದ ಉಸಿರೇ ತಗೊಳ್ದೆ ಮಾತಾಡ್ತಿದಾನೆ?" ಅಂದರು. ಆ ಪುಸ್ತಕವನ್ನು ಅಲ್ಲಿಗೇ ಬಿಟ್ಟು ಬೇರೆ ದನಿ ಹುಡುಕಿದೆ.

ಹುಡುಕುವುದು ಸುಲಭ. ಹೆಸರಾದ ಪುಸ್ತಕಗಳಿಗೆ ಎರಡು ಮೂರು ಓದುಗಳಿರುತ್ತವೆ. ಒಬ್ಬರೇ ಓದಿದ್ದು, ಹಲವರು ಸೇರಿ ಓದಿದ್ದು ಅಂತ ಬೇರೆ ಮಾಡಿ ನೋಡಬಹುದು. ಒಬ್ಬರ ದನಿ ಹಿಡಿಸಿದರೆ ಅವರು ಓದಿದ ಉಳಿದ ಪುಸ್ತಕಗಳೆಲ್ಲ ಒಂದೇ ಕಡೆ ಸಿಗುತ್ತವೆ. ಹೆಸರೇ ಕೇಳದ ಎಷ್ಟೋ ಲೇಖಕರು ನನಗೆ ಪರಿಚಯವಾದದ್ದು ಹೀಗೆ. ಲೇಖಕರನ್ನು ನೋಡಿ ಆರಿಸಿದ್ದಲ್ಲ, ಓದುವವರ ಬೆನ್ನು ಹಿಡಿದು ಹೋದದ್ದು.

ಆ ಕಾಲದ ಕಥೆಗಳು ಕಿವಿಗೆ ಇಷ್ಟು ಚೆನ್ನಾಗಿ ಹೊಂದುವುದು ಯಾಕೆ? ನನಗೆ ಅನ್ನಿಸಿದ್ದು ಇದು: ಅವುಗಳಲ್ಲಿ ಎಷ್ಟೋ ಕಥೆಗಳಲ್ಲಿ ಒಬ್ಬರು ಕೂತು ಹೇಳುತ್ತಿರುತ್ತಾರೆ, ಉಳಿದವರು ಸುತ್ತ ಕೂತು ಕೇಳುತ್ತಿರುತ್ತಾರೆ. ಎಚ್. ಜಿ. ವೆಲ್ಸ್‌ನ 'ದಿ ಟೈಮ್ ಮೆಷಿನ್' (1895) ನೋಡಿ. ಕಾಲದಲ್ಲಿ ಪ್ರಯಾಣ ಮಾಡಿ ಬಂದವನು ಊಟ ಮುಗಿಸಿ, ಮನೆಗೆ ಬಂದ ಅತಿಥಿಗಳಿಗೆ ತನ್ನ ಕಥೆ ಹೇಳುತ್ತಾನೆ. ಕಾನ್ರಾಡ್‌ನ 'ಹಾರ್ಟ್ ಆಫ್ ಡಾರ್ಕ್‌ನೆಸ್' (1899) ಥೇಮ್ಸ್ ನದಿಯ ಮೇಲೆ ನಿಂತ ಒಂದು ದೋಣಿಯಲ್ಲಿ ಶುರುವಾಗುತ್ತದೆ. ಕತ್ತಲಾಗುತ್ತಾ ಬರುತ್ತದೆ, ಕಥೆ ಹೇಳುವ ಮಾರ್ಲೋ ಮಾತು ನಿಲ್ಲಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಅವನ ಮುಖ ಕಾಣುವುದಿಲ್ಲ, ದನಿಯಷ್ಟೇ ಕೇಳುತ್ತದೆ ಎಂದು ದೋಣಿಯಲ್ಲಿ ಕೂತವನೇ ಹೇಳುತ್ತಾನೆ. ಇಯರ್‌ಫೋನ್ ಹಾಕಿಕೊಂಡು ಕೂತ ನಮ್ಮ ಸ್ಥಿತಿಯೂ ಅದೇ ಅಲ್ವಾ? ಪುಟದ ಮೇಲೆ ಈ ಪುಸ್ತಕ ನನಗೆ ಬಹಳ ಕಷ್ಟವಾಗಿತ್ತು. ಕೇಳುವಾಗ ಮಾರ್ಲೋ ಎಲ್ಲಿ ತಡವರಿಸುತ್ತಾನೆ, ಎಲ್ಲಿ ಮಾತು ತಪ್ಪಿಸುತ್ತಾನೆ ಎನ್ನುವುದು ತಾನಾಗಿ ಗೊತ್ತಾಯಿತು. ಇನ್ನೊಂದು ಸಮಾಧಾನದ ವಿಷಯ ಅಂದರೆ ಕಾನ್ರಾಡ್‌ಗೆ ಇಂಗ್ಲಿಷ್ ಮೂರನೆಯ ಭಾಷೆ. ಪೋಲಿಷ್, ಫ್ರೆಂಚ್ ಆದ ಮೇಲೆ ಬಂದದ್ದು. ಕನ್ನಡ ಮೀಡಿಯಂನವರು ಧೈರ್ಯ ಮಾಡಬಹುದು.

ಹೆನ್ರಿ ಜೇಮ್ಸ್ ವಿಷಯ ಇನ್ನೂ ಸ್ವಾರಸ್ಯವಾಗಿದೆ. 'ದಿ ಟರ್ನ್ ಆಫ್ ದಿ ಸ್ಕ್ರೂ' (1898) ಶುರುವಾಗುವುದು ಕ್ರಿಸ್‌ಮಸ್ ಹೊತ್ತಿನ ಒಂದು ಹಳೆಯ ಮನೆಯಲ್ಲಿ. ಬೆಂಕಿಯ ಸುತ್ತ ಕೂತವರಿಗೆ ಒಬ್ಬ ಹಳೆಯ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾನೆ. ಆ ಹೊತ್ತಿಗೆ ಜೇಮ್ಸ್‌ಗೆ ಮಣಿಕಟ್ಟಿನ ನೋವು. 1897ರಿಂದ ಆತ ಕೈಯಲ್ಲಿ ಬರೆಯುವುದನ್ನು ಕಡಿಮೆ ಮಾಡಿ, ಕೋಣೆಯಲ್ಲಿ ಓಡಾಡುತ್ತಾ ಟೈಪಿಸ್ಟ್‌ಗೆ ಹೇಳಿ ಬರೆಸುತ್ತಿದ್ದ. ಈ ಕಥೆಯನ್ನೂ ಹಾಗೆಯೇ ಬರೆಸಿದ್ದು. ಆತನ ವಾಕ್ಯಗಳು ಸುತ್ತಿ ಬಳಸಿ ಹೋಗುತ್ತವೆ, ಕರ್ತೃ ಎಲ್ಲೋ, ಕ್ರಿಯಾಪದ ಎಲ್ಲೋ. ಪುಟದಲ್ಲಿ ಮೂರು ಸಲ ಓದಿದರೂ ಹಿಡಿತಕ್ಕೆ ಸಿಗದ ವಾಕ್ಯ, ಎಲ್ಲಿ ನಿಲ್ಲಬೇಕು ಅಂತ ಬಲ್ಲ ಒಂದು ದನಿಯಲ್ಲಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಜೇಮ್ಸ್‌ನಂಥವರನ್ನು ಕೇಳಲು ದನಿ ಚೆನ್ನಾಗಿರಲೇಬೇಕು. ಓದುವವರು ಅಲ್ಪವಿರಾಮಗಳನ್ನು ನುಂಗಿಬಿಟ್ಟರೆ ಎಲ್ಲ ಕಲಸುಮೇಲೋಗರ.

ಹಲವರು ಸೇರಿ ಓದಿದ್ದು ಎಲ್ಲ ಪುಸ್ತಕಕ್ಕೂ ಒಗ್ಗುವುದಿಲ್ಲ. 'ಟೈಮ್ ಮೆಷಿನ್' ಬಹುಪಾಲು ಒಬ್ಬನ ಮಾತು. ಅಲ್ಲಿ ಅಧ್ಯಾಯಕ್ಕೊಂದು ದನಿ ಬಂದರೆ ಅವನು ನಡುದಾರಿಯಲ್ಲಿ ಬೇರೆ ಮನುಷ್ಯನೇ ಆದ ಹಾಗಾಗುತ್ತದೆ. ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' (1897) ಮಾತ್ರ ಹಲವು ದನಿಗಳಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಇರುವುದೆಲ್ಲ ಡೈರಿ, ಕಾಗದ, ತಂತಿ, ಪತ್ರಿಕೆಯ ತುಣುಕು, ಹಡಗಿನ ದಿನಚರಿ. ಒಬ್ಬೊಬ್ಬರ ಬರಹಕ್ಕೆ ಒಂದೊಂದು ದನಿ ಬಂದರೆ ಯಾರು ಮಾತಾಡುತ್ತಿದ್ದಾರೆ ಎಂಬ ಗೊಂದಲವೇ ಇರುವುದಿಲ್ಲ. ಡಿಮೀಟರ್ ಹಡಗಿನ ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುವ ಭಾಗವನ್ನು ರಾತ್ರಿ ಒಬ್ಬರೇ ಕೂತು ಕೇಳಿ ನೋಡಿ. ಮದುವೆಮನೆಗೆ ಕೊಡಬೇಕಿದ್ದ ರೇಷ್ಮೆ ಸೀರೆಯ ದಾರ ನನ್ನ ಕೈಯಲ್ಲಿ ಗಂಟಾಗಿತ್ತು.

ಈ ಪುಸ್ತಕದ ಒಳಗೇ ಒಂದು ರೆಕಾರ್ಡಿಂಗ್ ಯಂತ್ರವೂ ಇದೆ. ಡಾಕ್ಟರ್ ಸೆವಾರ್ಡ್ ತನ್ನ ಡೈರಿ ಬರೆಯುವುದಿಲ್ಲ, ಫೋನೋಗ್ರಾಫ್‌ನ ಮೇಣದ ಉರುಳೆಗಳ ಮೇಲೆ ಮಾತಿನಲ್ಲಿ ತುಂಬಿಸುತ್ತಾನೆ. ಮೀನಾ ಅದನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪ್ ಮಾಡುತ್ತಾಳೆ. ಅವನ ದನಿಯಲ್ಲಿರುವ ಸಂಕಟ ಕೇಳಿ ಅವಳಿಗೆ ಎದೆ ಕಲಕುತ್ತದೆ, ಇದನ್ನು ಇನ್ನು ಯಾರೂ ಕೇಳಬಾರದು, ಓದಿದರೆ ಸಾಕು ಅನ್ನಿಸುತ್ತದೆ. ಓದುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸವನ್ನು ಸ್ಟೋಕರ್ ಆಗಲೇ ಹಿಡಿದಿದ್ದ. ಆತ ಲಂಡನ್ನಿನ ಲೈಸಿಯಂ ಥಿಯೇಟರ್‌ನ ಮ್ಯಾನೇಜರ್ ಆಗಿದ್ದವನು. ನಾಟಕದ ಹಕ್ಕು ಕಾಪಾಡಿಕೊಳ್ಳಲು, ಪುಸ್ತಕ ಹೊರಬರುವ ಕೆಲವೇ ದಿನ ಮೊದಲು, 1897ರ ಮೇ 18ರಂದು ಅದೇ ಥಿಯೇಟರ್‌ನಲ್ಲಿ ಡ್ರಾಕುಲಾವನ್ನು ನಾಟಕವಾಗಿ ಓದಿಸಿದ್ದ. ಅಂದರೆ ಜನ ಪುಸ್ತಕ ಕೊಳ್ಳುವ ಮೊದಲೇ ಅದನ್ನು ಗಟ್ಟಿಯಾಗಿ ಓದಿ ಆಗಿತ್ತು!

ಮೊದಲ ಸಲ ಕೇಳುವವರಿಗೆ ನಾನು ಡ್ರಾಕುಲಾ ಹೇಳುವುದಿಲ್ಲ, ಅದು ಬಹಳ ಉದ್ದ. ಕಾನನ್ ಡಾಯ್ಲ್‌ನ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ತೆಗೆದುಕೊಳ್ಳಿ. 1901ರಿಂದ 1902ರವರೆಗೆ 'ದಿ ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಕಂತುಗಳಲ್ಲಿ ಬಂದ ಕಥೆ. ಓದುಗರನ್ನು ಮುಂದಿನ ತಿಂಗಳವರೆಗೆ ಕಾಯಿಸಬೇಕಿತ್ತು, ಹಾಗಾಗಿ ಅಧ್ಯಾಯ ಮುಗಿಯುವಲ್ಲಿ ಕೊಕ್ಕೆ ಇಟ್ಟೇ ಇರುತ್ತಾನೆ. ಇಂಗ್ಲಿಷ್ ಕೇಳುವ ಅಭ್ಯಾಸ ಕಡಿಮೆ ಇದ್ದರೆ ವೇಗವನ್ನು 0.9ಕ್ಕೆ ಇಳಿಸಿ, ಹಳೆಯ ಪುಸ್ತಕಗಳನ್ನು ಉಚಿತವಾಗಿ ಓದಲು ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಸೈಟ್‌ನಲ್ಲಿ ಇರುವ ಅದೇ ಪುಸ್ತಕ ತೆರೆದುಕೊಂಡು ಮೊದಲ ಅಧ್ಯಾಯ ಕಣ್ಣಾಡಿಸುತ್ತಾ ಕೇಳಿ. ಆಮೇಲೆ ಪುಸ್ತಕ ಬೇಕಾಗುವುದಿಲ್ಲ.

ಹಿಡಿಸದ ವಿಷಯಗಳೂ ಇವೆ. ಪ್ರತಿ ಭಾಗದ ಶುರುವಿನಲ್ಲಿ 'ಇದು ಲಿಬ್ರಿವಾಕ್ಸ್ ರೆಕಾರ್ಡಿಂಗ್' ಎಂಬ ಪ್ರಕಟಣೆ ಬರುತ್ತದೆ. ಅಧ್ಯಾಯಗಳು ಚಿಕ್ಕದಾದಷ್ಟೂ ಅದು ಪದೇ ಪದೇ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಮಾಡಿದ ರೆಕಾರ್ಡಿಂಗ್ ಆದ್ದರಿಂದ ಕೆಲವು ಕಡೆ ಕುರ್ಚಿ ಕಿರುಗುಟ್ಟುವುದು, ಪುಟ ತಿರುಗಿಸುವ ಸದ್ದು ಇರಬಹುದು. ನನಗೆ ಅದು ತೊಂದರೆಯೇ ಅಲ್ಲ. ಯಂತ್ರದ ದನಿ ಇಲ್ಲಿ ನಡೆಯುವುದಿಲ್ಲ, ಓದುವವರು ಮನುಷ್ಯರೇ ಆಗಿರಬೇಕು. ಅದಕ್ಕೆ ಈ ಸಣ್ಣಪುಟ್ಟ ಸದ್ದು ಸಹಿಸಬಹುದು.

ಇನ್ನೊಂದು ಗಂಭೀರವಾದದ್ದು. ಗಮಕದಲ್ಲಿ ವಾಚನದ ಜೊತೆಗೆ ವ್ಯಾಖ್ಯಾನ ಇರುತ್ತದೆ. ಇಲ್ಲಿ ವ್ಯಾಖ್ಯಾನಕ್ಕೆ ಜಾಗವಿಲ್ಲ, ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಬೇಕು. ಆ ಕಾಲದವರು ಆಫ್ರಿಕಾದವರ ಬಗ್ಗೆ, ನಮ್ಮಂಥವರ ಬಗ್ಗೆ ಬಳಸಿದ ಹೀನ ಮಾತುಗಳು ಹಾಗೇ ಕಿವಿಯೊಳಗೆ ಬರುತ್ತವೆ. ಪುಟದ ಮೇಲೆ ಕಣ್ಣು ಹಾರಿಸಿ ಹೋಗಬಹುದು, ಕಿವಿಗೆ ಆ ಸೌಲಭ್ಯ ಇಲ್ಲ. 'ಹಾರ್ಟ್ ಆಫ್ ಡಾರ್ಕ್‌ನೆಸ್' ಬಗ್ಗೆ ನೈಜೀರಿಯಾದ ಲೇಖಕ ಚಿನುವಾ ಅಚೆಬೆ 1975ರಲ್ಲಿ ಮಾಡಿದ ಕಟುವಾದ ಟೀಕೆ ಎಷ್ಟು ಸರಿ ಅಂತ ನನಗೆ ಅರ್ಥವಾದದ್ದು ಆ ಪುಸ್ತಕ ಕೇಳಿದ ಮೇಲೆಯೇ. ಮಕ್ಕಳು ಇರುವ ಕೋಣೆಯಲ್ಲಿ ಸ್ಪೀಕರ್‌ನಲ್ಲಿ ಹಾಕಬೇಡಿ. ಕಿಪ್ಲಿಂಗ್‌ನ 'ಕಿಮ್' (1901) ಬೇರೆ ಬಗೆಯ ಅನುಭವ. ಲಾಹೋರ್‌ನಲ್ಲಿ ಶುರುವಾಗುವ ಕಥೆ, ತುಂಬಾ ನಮ್ಮ ಕಡೆಯ ಹೆಸರುಗಳು. ಹೊರಗಿನವರ ಬಾಯಲ್ಲಿ ಅವು ತಿರುಚಿಕೊಳ್ಳುವುದು ಸಹಜ. ನಗು ಬರುತ್ತದೆ, ಬೇಸರವೇನಿಲ್ಲ.

ಡೇಟಾ ಲೆಕ್ಕ ಬೇಕಾದವರಿಗೆ: ಮಾಮೂಲಿ ಕಡತ 128 ಕೆಬಿಪಿಎಸ್, ಗಂಟೆಗೆ ಹೆಚ್ಚು ಕಡಿಮೆ 58 ಎಂಬಿ. 64 ಕೆಬಿಪಿಎಸ್‌ನದ್ದು ಅದರ ಅರ್ಧ. ಮಾತಿಗೆ ಅಷ್ಟು ಸಾಕು, ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಿಲ್ಲ. ಒಂದು ಎಚ್ಚರಿಕೆ. ಈ ರೆಕಾರ್ಡಿಂಗ್‌ಗಳ ಮೇಲೆ ಯಾರ ಹಕ್ಕೂ ಇಲ್ಲದ್ದರಿಂದ, ಯಾರು ಬೇಕಾದರೂ ಇವನ್ನು ಆ್ಯಪ್‌ಗೆ ತುಂಬಿಸಬಹುದು, ಮಾರಲೂಬಹುದು. ನಾನು ಹಾಕಿಕೊಂಡಿದ್ದ ಒಂದು ಆ್ಯಪ್, ಕೊಲೆಗಾರ ಯಾರು ಎಂದು ಹೇಳುವ ಹೊತ್ತಿಗೆ ಸರಿಯಾಗಿ ಸಾಲದ ಜಾಹೀರಾತು ಹಾಕುತ್ತಿತ್ತು. ತೆಗೆದುಹಾಕಿದೆ. ಈಗ ಸೈಟ್‌ನಿಂದಲೇ ಜಿಪ್ ಕಡತ ಇಳಿಸಿಕೊಂಡು ಫೋನಿನ ಮಾಮೂಲಿ ಪ್ಲೇಯರ್‌ನಲ್ಲಿ ಕೇಳುತ್ತೇನೆ. ನಿಲ್ಲಿಸಿದ ಜಾಗ ನೆನಪಿಡುವ ಪ್ಲೇಯರ್ ಆಗಿರಲಿ, ಇಲ್ಲದಿದ್ದರೆ ಹುಡುಕಿಕೊಂಡು ಸಾಯಬೇಕು.

ಕನ್ನಡದ ಬಗ್ಗೆ ಕೇಳುವವರಿಗೆ ಒಂದು ಮಾತು. ಲಿಬ್ರಿವಾಕ್ಸ್‌ನಲ್ಲಿ ಬಹುಪಾಲು ಇಂಗ್ಲಿಷೇ, ಆದರೆ ಬೇರೆ ಭಾಷೆಗೆ ಬಾಗಿಲು ಮುಚ್ಚಿಲ್ಲ. ಹೆನ್ರಿ ಜೇಮ್ಸ್‌ನ ಆ ದೆವ್ವದ ಕಥೆ ಬಂದ ಮರುವರ್ಷವೇ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಅಚ್ಚಾಯಿತು. ರಾಯರು ತೀರಿಕೊಂಡು ನೂರು ವರ್ಷ ದಾಟಿದೆ, ಹಕ್ಕಿನ ಗೋಜೇ ಇಲ್ಲ. ಕರಾವಳಿಯ ಕನ್ನಡ ಬಲ್ಲ ಒಂದು ಒಳ್ಳೆಯ ದನಿ, ಒಂದು ಸಾಧಾರಣ ಮೈಕು, ಸದ್ದಿಲ್ಲದ ಒಂದು ಕೋಣೆ ಇದ್ದರೆ ಸಾಕು. ಯಾರಾದರೂ ಓದುವುದಾದರೆ ಕೂತು ಪರೀಕ್ಷಿಸಿ ಕೇಳುವ ಕೆಲಸ ನಾನು ಮಾಡಿಕೊಡುತ್ತೇನೆ. ಓದು ಅಂತ ಮಾತ್ರ ನನಗೆ ಹೇಳಬೇಡಿ, ನಮ್ಮ ಮನೆಯಲ್ಲಿ ಮೆಷಿನ್ ನಿಂತರೆ ಮಿಕ್ಸಿ ಶುರುವಾಗುತ್ತದೆ.