ಮೊಲದ ಕೂದಲು ಉದುರಿ ತೂಕವೂ ಇಳಿಯುತ್ತಿದ್ದರೆ ಬಾಯಿ ತೆಗೆಸಿ ನೋಡಿಸಿ

ಮೊಲ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೂದಲು ಉದುರುತ್ತಿದೆ ಅಂತ ಡಾಕ್ಟರ ಹತ್ತಿರ ಹೋದಾಗ ಅವರು ಬರೀ ಚರ್ಮ ನೋಡಿ ಒಂದು ಇಂಜೆಕ್ಷನ್ ಚುಚ್ಚಿ ಕಳಿಸಲು ಹೊರಟರೆ ಅಲ್ಲಿಂದ ಏಳಬೇಡಿ. ತೂಕ ನೋಡಿ ಅನ್ನಿ. ಬಾಯಿ ತೆಗೆಸಿ ಹಿಂದಿನ ದವಡೆ ಹಲ್ಲು ನೋಡಿ ಅನ್ನಿ. ನಮ್ಮ ಗುಂಡನಿಗೆ ಈ ಎರಡನ್ನೂ ಯಾರೂ ಮಾಡಲಿಲ್ಲ. ಅವನು ಮೂಳೆ ಚಕ್ಕಳ ಆಗುವವರೆಗೂ ಚರ್ಮದ ಔಷಧಿಯೇ ನಡೆಯಿತು.

ನಮ್ಮಲ್ಲಿ ಎರಡು ಮೊಲ. ಗುಂಡ ಗಂಡು, ಚುಕ್ಕಿ ಹೆಣ್ಣು. ಒಟ್ಟಿಗೇ ಇರುತ್ತವೆ, ಒಂದೇ ಬಟ್ಟಲಲ್ಲಿ ತಿನ್ನುತ್ತವೆ. ಮೊದಲು ಕಂಡಿದ್ದು ಗುಂಡನ ಕತ್ತಿನ ಹಿಂದೆ, ಬೆನ್ನ ಮೇಲೆ ಬಿಳಿ ಹೊಟ್ಟು. ಆಮೇಲೆ ಅಲ್ಲಿಯ ಕೂದಲು ಹಿಡಿ ಹಿಡಿಯಾಗಿ ಕೈಗೆ ಬರತೊಡಗಿತು. ಕೂದಲು ಬದಲಿಸುವ ಕಾಲ ಇರಬೇಕು ಬಿಡಿ ಅಂತ ನೋಡಿದವರೆಲ್ಲ ಅಂದರು. ಮೊಲ ಕೂದಲು ಬದಲಿಸುವುದು ನಿಜ, ಕೆಲವು ಸಲ ನೋಡಿದವರಿಗೆ ಗಾಬರಿಯಾಗುವಷ್ಟು ಉದುರುತ್ತದೆ. ಆದರೆ ಆಗ ಅಡಿಯಲ್ಲಿ ಹೊಸ ಕೂದಲು ಆಗಲೇ ಮೊಳೆತಿರುತ್ತದೆ, ಚರ್ಮ ನಯವಾಗಿರುತ್ತದೆ, ತಿನ್ನುವುದು ಓಡಾಡುವುದು ಎಲ್ಲ ಮಾಮೂಲಿನಂತೆ ಇರುತ್ತದೆ. ಗುಂಡನ ಬೆನ್ನಲ್ಲಿ ಹೊಸ ಕೂದಲೇ ಇರಲಿಲ್ಲ. ಕೂದಲು ಸರಿಸಿ ನೋಡಿದರೆ ಚರ್ಮದ ಮೇಲೆ ಪುಡಿ ಪುಡಿ.

ಮೊದಲು ತೋರಿಸಿದ ಕ್ಲಿನಿಕ್ಕಿಗೆ ಬರುವುದು ಜಾಸ್ತಿ ನಾಯಿ, ಬೆಕ್ಕು. ಅದರಲ್ಲೇನೂ ತಪ್ಪಿಲ್ಲ. ಆದರೆ ಮೊಲ ನಮಗೆ ಅಷ್ಟು ಗೊತ್ತಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು ಅಲ್ವಾ? ಹೇಳಲಿಲ್ಲ. ಬೆನ್ನ ಮೇಲೆ ಕೈಯಾಡಿಸಿ, ಇದು ಕಜ್ಜಿ ಅಂದು ಐವರ್ಮೆಕ್ಟಿನ್ ಇಂಜೆಕ್ಷನ್ ಕೊಟ್ಟರು. ಇಂಜೆಕ್ಷನ್ ಎಷ್ಟು ಕೊಡಬೇಕು ಅನ್ನುವುದು ತೂಕದ ಮೇಲೆ ಹೋಗುತ್ತದೆ, ಆ ತೂಕವನ್ನೂ ಕೈಯಲ್ಲಿ ಎತ್ತಿ ಅಂದಾಜು ಮಾಡಿದರು. ತಿನ್ನುವುದು ಸ್ವಲ್ಪ ಕಡಿಮೆ ಆದ ಹಾಗಿದೆ, ಹಲ್ಲೂ ನೋಡಿ ಅಂತ ನಾನು ಕೇಳಿದೆ. ತುಟಿ ಎತ್ತಿ ಮುಂದಿನ ಬಾಚಿಹಲ್ಲು ನೋಡಿ "ಹಲ್ಲು ಫಸ್ಟ್ ಕ್ಲಾಸ್" ಅಂದರು. ಚುಕ್ಕಿಗೂ ಔಷಧಿ ಬೇಕಾ ಅಂದರೆ, ಅವಳಿಗೇನಾಗಿದೆ, ಚೆನ್ನಾಗಿಯೇ ಇದ್ದಾಳಲ್ಲ ಅಂದರು.

ಹೊಟ್ಟು ಕಡಿಮೆಯಾಯಿತು. ಆಮೇಲೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಈ ಸಲ ಕಜ್ಜಿ ಹೋಗಿ ಹುಳುಕಡ್ಡಿ ಆಯಿತು, ಹಚ್ಚಲು ಕ್ರೀಮ್ ಬರೆದರು. ಹುಳುಕಡ್ಡಿ ಮೊಲಕ್ಕೆ ಬರುವುದು ಉಂಟು, ಅದು ಶಿಲೀಂಧ್ರದ ಸೋಂಕು, ಸಾಮಾನ್ಯವಾಗಿ ಮುಖ, ಕಿವಿ, ಕಾಲಿನ ಕಡೆ ಹಕ್ಕಳೆಗಟ್ಟಿದ ಮಚ್ಚೆಗಳಾಗಿ ಕಾಣುತ್ತದೆ. ಅದನ್ನು ಖಚಿತ ಮಾಡಲು ಕೂದಲು ಕಿತ್ತು ಲ್ಯಾಬಿಗೆ ಕಳಿಸಬೇಕು. ಕಳಿಸಲಿಲ್ಲ. ಹೋಗಲಿ, ಪಾರದರ್ಶಕ ಅಂಟುಪಟ್ಟಿಯ ಒಂದು ತುಂಡನ್ನು ಆ ಹೊಟ್ಟಿನ ಮೇಲೆ ಒತ್ತಿ ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದ್ದರೂ ಸಾಕಿತ್ತು. ಐದು ನಿಮಿಷದ ಕೆಲಸ. ಅದನ್ನೂ ಮಾಡಲಿಲ್ಲ. ಮೇಲಾಗಿ ಮೊಲ ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕುವ ಪ್ರಾಣಿ. ತನ್ನದಲ್ಲದಿದ್ದರೆ ಜೊತೆಯದನ್ನು.

ಆಮೇಲೆ ಬಂದಿದ್ದು ಹೊಸ ತೀರ್ಮಾನ: ಕೂದಲು ಕೀಳುತ್ತಿರುವುದು ಚುಕ್ಕಿ, ಎರಡನ್ನೂ ಬೇರೆ ಮಾಡಿ. ಜೊತೆಗೆ ನಾಯಿಗೆ ಉಣ್ಣೆ ಹೋಗಲು ಹೊಡೆಯುವ ಒಂದು ಸ್ಪ್ರೇ ಕೊಟ್ಟರು. ಮನೆಗೆ ಬಂದು ಡಬ್ಬಿ ತಿರುಗಿಸಿದರೆ ಒಳಗಿರುವುದು ಫಿಪ್ರೋನಿಲ್, ಮೊಲಗಳಿಗೆ ಬಳಸಬೇಡಿ ಅಂತ ಡಬ್ಬಿಯ ಮೇಲೆಯೇ ಅಚ್ಚು ಹಾಕಿದ್ದಾರೆ! ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ನಾಯಿ ಬೆಕ್ಕಿಗೆ ಸುರಕ್ಷಿತವಾದ ಫಿಪ್ರೋನಿಲ್ ಮೊಲಕ್ಕೆ ವಿಷ. ಫಿಟ್ಸ್ ಬರುತ್ತದೆ, ಸತ್ತೂ ಹೋಗುತ್ತವೆ, ಕೆಲವು ಸಲ ಹಾಕಿ ಎಷ್ಟೋ ದಿನದ ಮೇಲೆ. ಫೋನ್ ಮಾಡಿ ಕೇಳಿದರೆ "ಸ್ವಲ್ಪ ಹೊಡೆದರೆ ಏನೂ ಆಗಲ್ಲ" ಅಂದರು. ಆ ಫೋನಿನ ನಂತರ ನಾವು ಅಲ್ಲಿಗೆ ಹೋಗಲಿಲ್ಲ.

ಮೊಲಗಳನ್ನು ಬೇರೆ ಮಾಡಿದ್ದರಿಂದ ಒಂದೇ ಒಂದು ಉಪಕಾರ ಆಯಿತು, ಅದೂ ಅವರು ಹೇಳಿದ ಕಾರಣಕ್ಕಲ್ಲ. ಗುಂಡನ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಉಳಿಯಿತು. ಎರಡು ಮೊಲ ಒಟ್ಟಿಗೆ ತಿನ್ನುವಾಗ ಬಟ್ಟಲು ಖಾಲಿಯಾದರೆ ಯಾರು ತಿಂದರು ಅಂತ ಹೇಗೆ ಗೊತ್ತಾಗಬೇಕು? ಅಷ್ಟೂ ದಿನ ಚುಕ್ಕಿ ಎರಡು ಪಾಲು ತಿಂದು ದುಂಡಗಾಗುತ್ತಿದ್ದಳು. ಗುಂಡ ಮಾತ್ರ ಬಟ್ಟಲಿನ ಸದ್ದು ಕೇಳಿದ ಕೂಡಲೇ ಓಡಿ ಬರುವುದನ್ನು ಬಿಟ್ಟಿರಲಿಲ್ಲ. ಬರುತ್ತಿದ್ದ, ಮೂಸುತ್ತಿದ್ದ, ಒಂದು ಕಾಳು ಬಾಯಿಗೆ ಹಾಕಿಕೊಂಡು ಉದುರಿಸುತ್ತಿದ್ದ, ಮತ್ತೆ ಎತ್ತಿಕೊಂಡು ಮತ್ತೆ ಉದುರಿಸಿ ಆಮೇಲೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದ. ಒಣಹುಲ್ಲನ್ನಂತೂ ಮುಟ್ಟುತ್ತಿರಲಿಲ್ಲ. ಹಿಕ್ಕೆ ಸಣ್ಣದಾಗಿ, ಒಂದೊಂದು ಒಂದೊಂದು ಗಾತ್ರದಲ್ಲಿ ಬೀಳುತ್ತಿತ್ತು. ಗದ್ದದ ಕೆಳಗೆ ಯಾವಾಗಲೂ ಒದ್ದೆ. ಹಸಿವಿದೆ, ತಿನ್ನಬೇಕು ಅಂತಲೂ ಇದೆ, ಆದರೆ ಆಗುತ್ತಿಲ್ಲ. ಇದು ಕಂಡರೆ ಬೇರೆ ಏನೂ ಯೋಚಿಸದೆ ಹಲ್ಲು ಅಂದುಕೊಳ್ಳಿ.

ಕೂದಲು ದಟ್ಟವಾಗಿರುವ ಪ್ರಾಣಿ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ. ಕೈಯಿಟ್ಟು ನೋಡಬೇಕು. ಗುಂಡನ ಬೆನ್ನುಮೂಳೆ ಬೆರಳಿಗೆ ಗರಗಸದ ಹಲ್ಲಿನ ಹಾಗೆ ತಾಗುತ್ತಿತ್ತು. ಮೊಲಗಳು ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜಾತಿ, ನೋವಿದೆ ಅಂತ ತೋರಿಸಿಕೊಂಡರೆ ಕಾಡಿನಲ್ಲಿ ಉಳಿಗಾಲ ಇಲ್ಲ. ಅದಕ್ಕೆ ಕೊನೆಯ ಹಂತದವರೆಗೂ ಏನೂ ಆಗಿಲ್ಲದ ಹಾಗೆ ಇರುತ್ತವೆ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಒಂದು ಡಬ್ಬಿ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. 2 ಕೆಜಿ ಮೊಲ 200 ಗ್ರಾಂ ಇಳಿಯಿತು ಅಂದರೆ ಹತ್ತನೇ ಒಂದು ಪಾಲು ಹೋಯಿತು. 60 ಕೆಜಿ ಮನುಷ್ಯ 6 ಕೆಜಿ ಇಳಿದರೆ ಸುಮ್ನೆ ಇರುತ್ತೀವಾ?

ಮೊಲ, ಹಕ್ಕಿ, ಆಮೆ ಇಂಥವನ್ನೇ ನೋಡುವ ಡಾಕ್ಟರೊಬ್ಬರನ್ನು ಹುಡುಕಿಕೊಂಡು ಹೋದೆವು. ಅವರು ಮಾಡಿದ ಮೊದಲ ಕೆಲಸ ತೂಕ. ಎರಡನೆಯದು, ದವಡೆಯ ಅಂಚಿನ ಮೇಲೆ ಹೊರಗಿನಿಂದ ಬೆರಳಾಡಿಸಿ ಉಬ್ಬು ಇದೆಯಾ ನೋಡಿದರು. ಆಮೇಲೆ ಕಿವಿ ನೋಡುವ ಬೆಳಕಿನ ಕೊಳವೆಯನ್ನೇ ಬಾಯೊಳಗೆ ಇಳಿಸಿದರು. ಮೊಲಕ್ಕೆ ಒಟ್ಟು 28 ಹಲ್ಲು. ಅದರಲ್ಲಿ 22 ಇರುವುದು ಹಿಂದೆ, ನಾವು ತುಟಿ ಎತ್ತಿದರೆ ಕಾಣದ ಜಾಗದಲ್ಲಿ. ಮೊದಲ ಕ್ಲಿನಿಕ್ಕಿನ ಫಸ್ಟ್ ಕ್ಲಾಸ್ ಸರ್ಟಿಫಿಕೇಟು ಬಂದಿದ್ದು ಮಿಕ್ಕಿದ್ದನ್ನು ನೋಡಿ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಮುಂದಿನವು ವಾರಕ್ಕೆ ಹೆಚ್ಚುಕಡಿಮೆ 2 ಮಿಲಿಮೀಟರ್. ಹಿಂದಿನವೂ ಬೆಳೆಯುತ್ತವೆ. ಒಣಹುಲ್ಲನ್ನು ಅಡ್ಡಡ್ಡ ಅರೆದು ತಿನ್ನುವಾಗ ಅವು ಸವೆಯುತ್ತವೆ. ಸವೆತ ಸಾಲದೆ ಹೋದರೆ, ಇಲ್ಲವೇ ಗಿಡ್ಡ ಮುಖದ ಪುಟ್ಟ ತಳಿಗಳಲ್ಲಿ ಆಗುವ ಹಾಗೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸರಿಯಾಗಿ ಹೊಂದದೆ ಇದ್ದರೆ, ಅಂಚಿನಲ್ಲಿ ಚೂಪಾದ ಮುಳ್ಳು ಬೆಳೆಯುತ್ತದೆ. ಕೆಳಗಿನ ಹಲ್ಲಿನ ಮುಳ್ಳು ನಾಲಿಗೆಗೆ ಚುಚ್ಚುತ್ತದೆ, ಮೇಲಿನದು ಕೆನ್ನೆಗೆ. ಗುಂಡನ ನಾಲಿಗೆಯ ಪಕ್ಕದಲ್ಲಿ ಹುಣ್ಣಾಗಿತ್ತು.

ಹಾಗಾದರೆ ಬೆನ್ನ ಮೇಲಿನ ಹೊಟ್ಟು? ಅದು ನುಸಿಯೇ, ಚರ್ಮದ ಮೇಲೆ ಬದುಕುವ ತೀರಾ ಸಣ್ಣ ಹುಳ. ಅಂಟುಪಟ್ಟಿ ಒತ್ತಿ ಮೈಕ್ರೋಸ್ಕೋಪಿನಲ್ಲಿ ನಮಗೂ ತೋರಿಸಿದರು, ಹರಿದಾಡುತ್ತಿತ್ತು. ಹೆಸರು ಕೈಲೆಟಿಯೆಲ್ಲಾ. ಈ ನುಸಿ ಎಷ್ಟೋ ಆರೋಗ್ಯವಾದ ಮೊಲಗಳ ಮೈಮೇಲೂ ಒಂದಿಷ್ಟು ಇದ್ದೇ ಇರುತ್ತದೆ. ಮೊಲ ದಿನವಿಡೀ ಮೈ ನೆಕ್ಕಿ ಕೆರೆದು ಅದನ್ನು ಹದ್ದಿನಲ್ಲಿ ಇಟ್ಟಿರುತ್ತದೆ. ನಾಲಿಗೆಯೇ ಹುಣ್ಣಾದ ಮೇಲೆ ನೆಕ್ಕುವುದು ಹೇಗೆ? ನೆಕ್ಕುವುದು ನಿಂತಿತು, ನುಸಿ ಹೆಚ್ಚಿತು, ಕೂದಲು ಹೋಯಿತು. ಗದ್ದದ ಕೂದಲು ಹೋಗಿದ್ದು ಜೊಲ್ಲಿನ ಒದ್ದೆಗೆ. ತೂಕ ಇಳಿದಿದ್ದು ತಿನ್ನಲಾಗದೆ. ನಾವು ಮೂರು ರೋಗ ಅಂದುಕೊಂಡು ಓಡಾಡಿದ್ದು ಒಂದೇ ರೋಗಕ್ಕೆ.

ಇಂಜೆಕ್ಷನ್ ಕೊಟ್ಟರೂ ಹೊಟ್ಟು ಮರಳಿ ಬಂದಿದ್ದೇಕೆ ಅನ್ನುವುದೂ ಆಗ ಗೊತ್ತಾಯಿತು. ಆ ಔಷಧಿ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಅದಕ್ಕೇ 10ರಿಂದ 14 ದಿನ ಬಿಟ್ಟು ಮತ್ತೆ ಕೊಡಬೇಕು, ಜೊತೆಗಿರುವ ಮೊಲಕ್ಕೂ ಕೊಡಬೇಕು, ಹಾಸಿದ್ದನ್ನೆಲ್ಲ ಬದಲಿಸಿ ಗೂಡು ತೊಳೆಯಬೇಕು. ಇನ್ನೊಂದು ವಿಷಯ. ಅಷ್ಟು ದಿನ ನನ್ನ ಮುಂಗೈ ಮೇಲೆ ಕೆಂಪು ಗುಳ್ಳೆ ಎದ್ದು ತುರಿಸುತ್ತಿತ್ತು. ಈ ನುಸಿ ಮನುಷ್ಯರ ಮೈಮೇಲೆ ನೆಲೆಸುವುದಿಲ್ಲ, ಆದರೆ ಎತ್ತಿಕೊಂಡಾಗ ಕಚ್ಚುತ್ತದೆ. ಮೊಲದ ಡಾಕ್ಟರು ಮೊದಲು ಕೇಳಿದ ಪ್ರಶ್ನೆಗಳಲ್ಲಿ ಅದೂ ಒಂದು. ಮೊಲ ವಾಸಿಯಾದ ಮೇಲೆ ಗುಳ್ಳೆಯೂ ಹೋಯಿತು.

ಎಕ್ಸ್‌ರೇ ತೆಗೆದು, ಮತ್ತು ಬರಿಸಿ, ಹಲ್ಲಿನ ಮುಳ್ಳುಗಳನ್ನು ಉಜ್ಜಿ ತೆಗೆದರು. ನೋವಿನ ಔಷಧಿ ಕೊಟ್ಟರು. ತಾನಾಗಿ ತಿನ್ನುವವರೆಗೆ ನೀರಲ್ಲಿ ಕಲಸಿದ ಹುಲ್ಲಿನ ಪುಡಿಯನ್ನು ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಿನ್ನಿಸಬೇಕಾಯಿತು. ಆ ಹೊತ್ತಿನ ಗಲಾಟೆ ಬೇಡವೇ ಬೇಡ, ನನ್ನ ಮೈಮೇಲೆ ಬಿದ್ದಿದ್ದೇ ಜಾಸ್ತಿ.

ಕೆಲವು ಮಾತು ಬೇಗ ಹೇಳಿಬಿಡುತ್ತೇನೆ. ಹಲ್ಲನ್ನು ಉಗುರು ಕತ್ತರಿಯಲ್ಲಿ ಕತ್ತರಿಸಬೇಡಿ, ಬೇರೆ ಯಾರಿಗೂ ಕತ್ತರಿಸಲು ಬಿಡಬೇಡಿ, ಹಲ್ಲು ಉದ್ದಕ್ಕೆ ಸೀಳಿ ಬೇರಿಗೆ ಕೀವು ತುಂಬುತ್ತದೆ. ಹೊಟ್ಟು ಹೋಗಲಿ ಅಂತ ಸ್ನಾನ ಮಾಡಿಸಬೇಡಿ, ಮೊಲಕ್ಕೆ ಗಾಬರಿಯೂ ಚಳಿಯೂ ಸೇರಿ ಜೀವಕ್ಕೇ ಕುತ್ತು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಈ ಆಂಟಿಬಯಾಟಿಕ್‌ಗಳನ್ನು ಮೊಲಕ್ಕೆ ಬಾಯಿಯ ಮೂಲಕ ಕೊಡಬಾರದು, ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ವಿಷ ಉಗುಳುತ್ತವೆ. ಮನುಷ್ಯರ ಔಷಧಿಯಲ್ಲೇ ಸ್ವಲ್ಪ ಕೊಡೋಣ ಅನ್ನುವವರಿಗೆ ಇದು. 12 ಗಂಟೆ ಏನೂ ತಿಂದಿಲ್ಲ, ಹಿಕ್ಕೆಯೂ ಹಾಕಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಎಲ್ಲ ಮೊಲಕ್ಕೂ ಹಲ್ಲೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗದ ಹೆಣ್ಣು ಮೊಲ ಬಸಿರಾಗದೆಯೂ ಬಸಿರಾದಂತೆ ನಡೆದುಕೊಂಡು ಎದೆ, ಹೊಟ್ಟೆಯ ಕೂದಲು ಕಿತ್ತು ಗೂಡು ಕಟ್ಟುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಅಂಥ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ, ಸೊರಗಿದರೆ ಅದನ್ನೂ ನೋಡಿಸಬೇಕು. ಜಾಸ್ತಿ ನೀರು ಕುಡಿದು ಸೊರಗುತ್ತಿದ್ದರೆ ಮೂತ್ರಪಿಂಡದ ತೊಂದರೆ ಇರಬಹುದು. ಮರಿಗಳು ಬೇಧಿಯಾಗಿ ಇಳಿದು ಹೋಗುತ್ತಿದ್ದರೆ ಕಾಕ್ಸಿಡಿಯಾ ಅನ್ನುವ ಪರಾವಲಂಬಿ ಜೀವಿ ಇರಬಹುದು, ಹಿಕ್ಕೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಕಿವಿಯೊಳಗೆ ದಪ್ಪ ಹಕ್ಕಳೆ ಕಟ್ಟಿದ್ದರೆ ಅದು ಬೇರೆ ನುಸಿ, ಕಿತ್ತು ತೆಗೆಯಲು ಹೋಗಬೇಡಿ, ವಿಪರೀತ ನೋವು. ಔಷಧಿ ಬಿದ್ದರೆ ತಾನೇ ಉದುರುತ್ತದೆ.

ಗುಂಡ ಈಗ ತಿನ್ನುತ್ತಾನೆ, ಬೆನ್ನ ಮೇಲೆ ಕೂದಲು ಬಂದಿದೆ. ಆದರೆ ಹಲ್ಲಿನ ಬೇರುಗಳೇ ವಾಲಿರುವುದರಿಂದ ಮುಳ್ಳು ಮತ್ತೆ ಬೆಳೆಯುತ್ತದೆ, ಆಗಾಗ ಉಜ್ಜಿಸುತ್ತಲೇ ಇರಬೇಕು. ಮೊದಲೇ ಕಂಡಿದ್ದರೆ ಇಷ್ಟರಮಟ್ಟಿಗೆ ಹೋಗುತ್ತಿರಲಿಲ್ಲ ಅಂತ ಡಾಕ್ಟರು ಅಂದರು. ನನಗೆ ಸಿಟ್ಟು ಇಳಿದಿಲ್ಲ. ಚುಕ್ಕಿಯನ್ನು ಮತ್ತೆ ಜೊತೆಗೆ ಬಿಟ್ಟಾಗ ಇಬ್ಬರೂ ಮೊದಲು ಜಗಳ ಆಡಿದರು, ದೂರ ಇದ್ದ ಮೊಲಗಳನ್ನು ಮತ್ತೆ ಹೊಂದಿಸುವುದು ಇನ್ನೊಂದು ಪುರಾಣ.

ನಿಮ್ಮ ಮೊಲವನ್ನು ಹೊಸ ಡಾಕ್ಟರಿಗೆ ತೋರಿಸುವ ಮುಂಚೆ ಫೋನಿನಲ್ಲೇ ಕೇಳಿ. ಮೊಲಗಳನ್ನು ಎಷ್ಟು ನೋಡುತ್ತೀರಿ? ದವಡೆ ಹಲ್ಲು ನೋಡಲು ಸಲಕರಣೆ ಇದೆಯಾ? ಆಪರೇಷನ್ನಿಗೆ ಮುಂಚೆ ರಾತ್ರಿ ಉಪವಾಸ ಹಾಕಬೇಕಾ? ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಲ್ಲುತ್ತದೆ. ಮೂರನೆಯದಕ್ಕೆ ಹೌದು, ರಾತ್ರಿಯಿಂದ ಏನೂ ಕೊಡಬೇಡಿ ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು ಬೇರೆಯವರನ್ನು ಹುಡುಕಿ.