ಅನ್ನ ಬಿಡಿಸದ ತಕ್ಕಡಿ: ಕಿಚನ್ ತೂಕದ ಮಷಿನ್ ರಿವ್ಯೂ

ತೂಕ ಇಳಿಸಬೇಕು ಅಂದ ತಕ್ಷಣ ಜನ ತಾವು ಹತ್ತಿ ನಿಲ್ಲುವ ಮಷಿನ್ ತರುತ್ತಾರೆ. ನಾನು ತಂದದ್ದು ಅಡುಗೆ ಕಟ್ಟೆಯ ಮೇಲಿಡುವ ಡಿಜಿಟಲ್ ತಕ್ಕಡಿ. ಮುಂಬೈಯ ಲೋಹಾರ್ ಚಾಳ್ ಮಾರ್ಕೆಟಿನಲ್ಲಿ ಚೌಕಾಶಿ ಮಾಡಿದ ಮೇಲೆ 500 ರೂಪಾಯಿಯೊಳಗೆ ಸಿಕ್ಕಿತು. 5 ಕೆಜಿವರೆಗೆ ತೂಗುತ್ತದೆ, 1 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ರಿಮೋಟಿಗೆ ಹಾಕುವ ಸಣ್ಣ ಸೆಲ್ ಎರಡು ಸಾಕು. ಬ್ರಾಂಡ್ ಕೇಳಬೇಡಿ. ಈ ರೇಟಿನಲ್ಲಿ ಬರುವುದೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ.

"ಇದೇನು ಮಾರಾಯ್ತಿ, ಬಂಗಾರ ತೂಗ್ಲಿಕ್ಕಾ?" ಅಂದರು ಅತ್ತೆ. ಅವರದ್ದು ಎಲ್ಲ ಕಣ್ಣಂದಾಜು. ಬಾಣಲೆಗೆ ಎಣ್ಣೆ ಅಂದರೆ ಬಾಟ್ಲಿ ಬಗ್ಗಿಸಿ ಎರಡು ಸುತ್ತು. ನಾನು ಏನೂ ಹೇಳದೆ ಬಾಟ್ಲಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, "ಈಗ ಹಾಕಿ ಅತ್ತೆ" ಅಂದೆ. ತೊಂಡೆಕಾಯಿ ಪಲ್ಯಕ್ಕೆ ಎಂದಿನ ಎರಡು ಸುತ್ತು ಹಾಕಿ ಬಾಟ್ಲಿ ವಾಪಸ್ ಇಟ್ಟರು. ಮೈನಸ್ 34. ಅಂದರೆ 34 ಗ್ರಾಂ ಎಣ್ಣೆ ಹೋಯಿತು. ಗ್ರಾಂಗೆ 9 ಕ್ಯಾಲೊರಿ, ಒಟ್ಟು 300ರ ಮೇಲೆ. ತೊಂಡೆಕಾಯಿಯ ಲೆಕ್ಕ ಇನ್ನೂ ಶುರುವೇ ಆಗಿಲ್ಲ!

ಆಮೇಲೆ ಇಡೀ ತಿಂಗಳ ಲೆಕ್ಕ ಹಾಕಿದೆ. ಡೊಂಬಿವ್ಲಿಯ ನಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ 5 ಲೀಟರಿನ ಒಂದು ಕ್ಯಾನ್. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಭಾಗ ಮಾಡಿದರೆ ಒಬ್ಬೊಬ್ಬರಿಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲೊರಿ. ಅದೇ ರಾತ್ರಿ ನನ್ನ ತಟ್ಟೆಯ ಅನ್ನವನ್ನೂ ತೂಗಿದೆ. 250 ಗ್ರಾಂ. ಬೆಂದ ಅನ್ನ 100 ಗ್ರಾಮಿಗೆ ಸುಮಾರು 130 ಕ್ಯಾಲೊರಿ, ಹಾಗಾಗಿ 325. ಕಣ್ಣಿಗೆ ಕಾಣದ ಎಣ್ಣೆಯೂ ತಟ್ಟೆ ತುಂಬಾ ಕಾಣುವ ಅನ್ನವೂ ಸರಿಸಮ ನಿಂತವು. ಬೈಗುಳ ಮಾತ್ರ ಅನ್ನಕ್ಕೆ! ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಡಯಟ್ ಮಾತು ಬಂದರೆ ಸಾಕು, "ಚಾವಲ್ ಬಂದ್ ಕರೋ" ಅಂತ ಹತ್ತು ಜನ ಹೇಳುತ್ತಾರೆ. ಕುಚ್ಚಲಕ್ಕಿ ಬಿಟ್ಟು ನಾನು ಎಷ್ಟು ದಿನ ಇದ್ದೇನು, ಒಂದು ವಾರ? ಬಿಡಲೇ ಇಲ್ಲ. ಬಡಿಸುವ ಸೌಟನ್ನು ಸಣ್ಣದು ಮಾಡಿಕೊಂಡೆ, ಅಷ್ಟೇ.

ಬದಲಾದದ್ದು ಎಣ್ಣೆ ಮತ್ತು ಕಾಯಿ. ಪಲ್ಯಕ್ಕೆ ಈಗ 12 ಗ್ರಾಂ ಎಣ್ಣೆ. ಒಗ್ಗರಣೆ ಸಿಡಿದ ಮೇಲೆ ತರಕಾರಿ ಹಾಕಿ, ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತೇವೆ. ಕೊನೆಗೆ ಮುಚ್ಚಳ ತೆಗೆದು ಉರಿ ಜೋರು ಮಾಡಿದರೆ ನೀರು ಆರುತ್ತದೆ. ತೊಂಡೆಕಾಯಿ ಮೊದಲಿನಷ್ಟು ಕೆಂಪಗೆ ಆಗುವುದಿಲ್ಲ, ಅದು ನಿಜ. ಹಸಿ ತೆಂಗಿನ ತುರಿ 100 ಗ್ರಾಮಿಗೆ 350 ಕ್ಯಾಲೊರಿಗೂ ಜಾಸ್ತಿ. ಆದ್ದರಿಂದ ಅಲಸಂದೆ ಸಾಂಬಾರಿನ ಮಸಾಲೆಗೆ ಕಾಯಿ ಕಡಿಮೆ ಮಾಡಿ, ಬೆಂದ ಅಲಸಂದೆಯನ್ನೇ ಒಂದು ಹಿಡಿ ರುಬ್ಬಿ ಸೇರಿಸಿದರೆ ಸಾಂಬಾರು ದಪ್ಪ ಬರುತ್ತದೆ. ಕೋಳಿ ಸುಕ್ಕದಲ್ಲಿ ಮಾತ್ರ ಈ ಆಟ ಬೇಡ, ಕಾಯಿ ಇಲ್ಲದೆ ಅದು ಸುಕ್ಕವೇ ಅಲ್ಲ. ಭಾನುವಾರ ತಕ್ಕಡಿಗೆ ರಜೆ.

ಇನ್ನು ಮಷಿನ್ನಿನ ಗುಣ. ತೂಕ ಸರಿ ಇದೆಯಾ ನೋಡಲು ಹತ್ತು ರೂಪಾಯಿಯ ನಾಣ್ಯ ಇಡಿ. ಒಂದು ನಾಣ್ಯ ಸುಮಾರು 7.7 ಗ್ರಾಂ, ಹತ್ತು ಇಟ್ಟರೆ 77 ಬರಬೇಕು. ನನ್ನದು 77 ತೋರಿಸಿತು. ಆದರೆ ಹನಿಹನಿಯಾಗಿ ಎಣ್ಣೆ ಬಿಟ್ಟರೆ ಇದಕ್ಕೆ ಗೊತ್ತೇ ಆಗುವುದಿಲ್ಲ, ಅಂಕಿ ಅಲ್ಲೇ ನಿಂತಿರುತ್ತದೆ. ಅದಕ್ಕೇ ಬಾಟ್ಲಿ ತೂಗುವ ಉಪಾಯ. ಮಿಲಿಲೀಟರ್ ಗುಂಡಿಯನ್ನು ಎಣ್ಣೆಗೆ ನಂಬಬೇಡಿ, ಅದು ಎಲ್ಲವನ್ನೂ ನೀರು ಅಂತಲೇ ಲೆಕ್ಕ ಹಾಕುತ್ತದೆ. ದೊಡ್ಡ ಪಾತ್ರೆ ಇಟ್ಟರೆ ಅಂಕಿ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಬಗ್ಗಿ ಇಣುಕಬೇಕು. ತರಕಾರಿ ಹೆಚ್ಚುವಷ್ಟರಲ್ಲಿ ತಾನಾಗಿ ಆಫ್ ಆಗಿ ಸೊನ್ನೆಯ ಲೆಕ್ಕವೂ ಹೋಗುತ್ತದೆ. ಇದು ನಿಜಕ್ಕೂ ತಲೆನೋವು. ಮಳೆಗಾಲದಲ್ಲಿ ಗುಂಡಿಗಳು ಜಿಗುಟು ಹಿಡಿದವು, ಈಗ ಮೇಲೊಂದು ಪ್ಲಾಸ್ಟಿಕ್ ಹೊದಿಸಿದ್ದೇನೆ.

ಫಲ ಏನು ಅಂತ ಕೇಳುತ್ತೀರಿ. ನಿಧಾನ. ವಾರಕ್ಕೆ ಅರ್ಧ ಕೆಜಿ ಇಳಿದರೆ ಅಪಾಯವಿಲ್ಲ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ನನಗೆ ಅಷ್ಟೂ ಆಗಲಿಲ್ಲ, ತಿಂಗಳಿಗೆ ಒಂದು ಕೆಜಿ ಇಳಿದರೆ ದೊಡ್ಡದು. ಆದರೆ ಇಳಿದದ್ದು ಗಣಪತಿ ಹಬ್ಬದ ಮೋದಕ, ದೀಪಾವಳಿಯ ಫರಾಳ್ ತಿಂಡಿ ಎಲ್ಲ ಮುಗಿದರೂ ವಾಪಸ್ ಬರಲಿಲ್ಲ. ಹಿಂದೆ ಒಬ್ಬರ ಹತ್ತಿರ ದುಡ್ಡು ಕೊಟ್ಟು ಪೌಡರ್ ಕುಡಿದು ಇಳಿಸಿದ್ದೆಲ್ಲ ಹಬ್ಬ ಬರುವ ಮೊದಲೇ ವಾಪಸ್ ಬಂದಿತ್ತು. ಈ ಸಲ ಎಣ್ಣೆ ಕ್ಯಾನ್ ಎರಡು ತಿಂಗಳು ಬರುತ್ತಿದೆ. ತಕ್ಕಡಿಯ ದುಡ್ಡು ಅಲ್ಲೇ ಹುಟ್ಟಿತು.

ಈಗ ದಿನಾ ತೂಗುವುದಿಲ್ಲ, ಕೈಗೇ ಅಳತೆ ಬಂದಿದೆ. ಮಷಿನ್ ಜಾಸ್ತಿ ಬಳಸುವುದು ಅತ್ತೆಯೇ, ಭಾಜಿವಾಲಾ ಕೊಟ್ಟ ಬೆಂಡೆಕಾಯಿ ಪೂರ್ತಿ ಅರ್ಧ ಕೆಜಿ ಇದೆಯಾ ಅಂತ ನೋಡಲು. ತುತ್ತುತುತ್ತಿಗೂ ಲೆಕ್ಕ ಹಾಕಿ ಮನಸ್ಸು ಕೆಡಿಸಿಕೊಳ್ಳುವ ಸ್ವಭಾವ ನಿಮ್ಮದಾದರೆ ಕೊಳ್ಳಬೇಡಿ. ಉಳಿದವರು ತೆಗೆದುಕೊಳ್ಳಬಹುದು, ಅಂಕಿ ಮುಂದಕ್ಕೆ ಚಾಚಿರುವ ಮಾಡೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ನನ್ನದಕ್ಕೆ 5ರಲ್ಲಿ 4 ಮಾರ್ಕು. ಒಂದು ಕಟ್ ಆದದ್ದು ಆ ತಾನಾಗಿ ಆಫ್ ಆಗುವ ಚಾಳಿಗೆ.