ಬಬಲ್ ರ‍್ಯಾಪೋ, ಫ್ಲೀಸೋ, ಪಾಲಿಕಾರ್ಬೊನೇಟೋ? ಇಂಗ್ಲೆಂಡಿನ ಚಳಿಯಲ್ಲಿ ಕರಿಬೇವು

ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲಿ ಕರಿಬೇವು ಯಾರ ಕೈಯಲ್ಲಾದರೂ ಬದುಕುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಉಳಿಸಿಕೊಳ್ಳುವುದೇ ಕಷ್ಟ. ರಾತ್ರಿ ಮೇಲೆ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೆ ಎಲೆ ಹಳದಿಯಾಗಿ ಉದುರುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಗಿಡವೇ ಹೋಗಬಹುದು. ನನ್ನ ಹಿತ್ತಲಲ್ಲಿರುವುದು ಇಲ್ಲಿ ಎಲ್ಲೆಡೆ ಕಾಣುವ 6 ಅಡಿ ಅಗಲ, 8 ಅಡಿ ಉದ್ದದ ಗ್ರೀನ್‌ಹೌಸ್. ಅಲ್ಯೂಮಿನಿಯಂ ಚೌಕಟ್ಟು, 3 ಮಿ.ಮೀ. ಗಾಜು. ಒಳಗೆ ಕರಿಬೇವು, ದುಂಡುಮಲ್ಲಿಗೆ, ದೊಡ್ಡಪತ್ರೆ.

ಗಾಜು ಎಷ್ಟು ಶಾಖ ಬಿಟ್ಟುಕೊಡುತ್ತದೆ ಅಂತ ಮೊದಲು ಲೆಕ್ಕ ಹಾಕಿ. ಒಂಟಿ ಗಾಜಿನ ಒಂದು ಚದರ ಮೀಟರ್‌ನಿಂದ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಸುಮಾರು 5.7 ವ್ಯಾಟ್ ಸೋರುತ್ತದೆ. ಇಷ್ಟು ದೊಡ್ಡ ಗ್ರೀನ್‌ಹೌಸಿನಲ್ಲಿ ಸುಮಾರು 20 ಚದರ ಮೀಟರ್ ಗಾಜು ಇರುತ್ತದೆ. ಹೊರಗೆ ಸೊನ್ನೆ, ಒಳಗೆ 10 ಡಿಗ್ರಿ ಬೇಕೆಂದರೆ ಗಂಟೆಗೆ ಒಂದು ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಇಲ್ಲಿನ ಬಿಲ್ ನೋಡಿದವರಿಗೆ ಅದರ ಅರ್ಥ ಗೊತ್ತಿರುತ್ತದೆ.

ಈ ಸೋರಿಕೆ ತಗ್ಗಿಸುವ ಮೂರು ಹೊದಿಕೆಗಳಲ್ಲಿ ಫ್ಲೀಸ್ ಎಲ್ಲಕ್ಕಿಂತ ಅಗ್ಗ. ತೆಳ್ಳಗಿನ ಬಿಳಿ ಬಟ್ಟೆಯಂಥದ್ದು, ನೇರವಾಗಿ ಗಿಡದ ಮೇಲೆ ಹೊದಿಸುವುದು. ಚದರ ಮೀಟರ್‌ಗೆ 17 ಗ್ರಾಂ ತೂಗುವುದು ಲಘು ಚಳಿಗೆ ಸಾಕು, 30 ಗ್ರಾಂನದ್ದು ಇನ್ನಷ್ಟು ತಡೆಯುತ್ತದೆ. ಆದರೆ ಬೆಳಗ್ಗೆ ತೆಗೆಯಬೇಕು, ಸಂಜೆ ಹಾಕಬೇಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಕೆಲಸಕ್ಕೆ ಹೋಗುವವರಿಗೆ ಇದು ಆಗುವ ಮಾತಲ್ಲ. ಹಾಗೇ ಬಿಟ್ಟರೆ ತೇವ ಹಿಡಿದು ಬೂದು ಬೂಷ್ಟು ಬರುತ್ತದೆ. ಹೀಟರ್ ಕೈಕೊಟ್ಟ ರಾತ್ರಿಗೆ ಅಂತ ಒಂದು ಸುರುಳಿ ಇಟ್ಟುಕೊಳ್ಳಿ, ಅಷ್ಟೇ.

ನನ್ನ ಓಟು ಬಬಲ್ ರ‍್ಯಾಪ್‌ಗೆ. ಪಾರ್ಸೆಲ್‌ಗೆ ಸುತ್ತಿ ಬರುವ ಸಣ್ಣ ಗುಳ್ಳೆಯದ್ದಲ್ಲ. ತೋಟಕ್ಕೆಂದೇ ಸಿಗುವ ದೊಡ್ಡ ಗುಳ್ಳೆಯದ್ದು, ಬಿಸಿಲಿಗೆ ಬೇಗ ಪುಡಿಯಾಗದ್ದು. ದೊಡ್ಡ ಗುಳ್ಳೆಯಲ್ಲಿ ಬೆಳಕೂ ಜಾಸ್ತಿ ಬರುತ್ತದೆ. ಅಲ್ಯೂಮಿನಿಯಂ ಪಟ್ಟಿಯ ಸಂದಿಗೆ ಕೂರುವ ಪ್ಲಾಸ್ಟಿಕ್ ಕ್ಲಿಪ್ಪುಗಳಿವೆ, ಅವುಗಳಿಂದಲೇ ಗಾಜಿನ ಒಳಬದಿಗೆ ಸಿಕ್ಕಿಸಿ. ಟೇಪ್ ಅಂಟಿಸಿದರೆ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಮಾಡಿನ ಕಿಟಕಿಗೆ ಬೇರೆ ತುಂಡು ಹಾಕಿ, ಇಲ್ಲದಿದ್ದರೆ ಅದನ್ನು ತೆರೆಯುವುದಕ್ಕಾಗುವುದಿಲ್ಲ. ಚಳಿಗಾಲದಲ್ಲೂ ಬಿಸಿಲಿನ ಮಧ್ಯಾಹ್ನ ಸ್ವಲ್ಪ ಹೊತ್ತು ಗಾಳಿ ಆಡಲೇಬೇಕು.

ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಯಾವ ಹೊದಿಕೆಯೂ ಶಾಖ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಿಡಿದಿಡುತ್ತದೆ. ಹೀಟರ್ ಇಲ್ಲದೆ ಬಬಲ್ ರ‍್ಯಾಪ್ ಹಾಕಿದಾಗ ಬೆಳಗಿನ ಜಾವಕ್ಕೆ ಒಳಗೆ ಎರಡು ಮೂರು ಡಿಗ್ರಿ ಜಾಸ್ತಿ ಇತ್ತು, ಅಷ್ಟೇ. ಹಾಗಾಗಿ ಈಗ ಗ್ರೀನ್‌ಹೌಸಿನ ನಡುವೆ ಅದೇ ಬಬಲ್ ರ‍್ಯಾಪಿನ ಪರದೆ ಕಟ್ಟಿ, ಹಿಂದಿನ ಅರ್ಧವನ್ನು ಮಾತ್ರ ಬೆಚ್ಚಗಿಡುತ್ತೇನೆ. ಥರ್ಮೋಸ್ಟಾಟ್ ಇರುವ, ಅಂದರೆ ಚಳಿ ನೋಡಿ ತಾನೇ ಆನ್ ಆಫ್ ಆಗುವ, ಚಿಕ್ಕ ಫ್ಯಾನ್ ಹೀಟರ್ ಸಾಕು. ಸೀಮೆಎಣ್ಣೆ ಹೀಟರ್ ನನಗೆ ಒಗ್ಗಲಿಲ್ಲ. ಒಂದು ಲೀಟರ್ ಎಣ್ಣೆ ಉರಿದರೆ ಒಂದು ಲೀಟರ್‌ಗಿಂತ ಜಾಸ್ತಿ ನೀರು ಆವಿಯಾಗಿ ಬಂದು ಗಾಜಿನ ಮೇಲೆ ಕೂರುತ್ತದೆ.

ಪಾಲಿಕಾರ್ಬೊನೇಟ್ ಅಂದರೆ ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್ ಹಾಳೆ. ಅದನ್ನು ಮಾಡಿಗೆ ಮಾತ್ರ ಹಾಕಿಸಿದೆ, 4 ಮಿ.ಮೀ. ಎರಡು ಪದರದ್ದು. ಗಾಜಿನಿಂದ ಸೋರುವ 5.7 ವ್ಯಾಟ್ ಇದರಲ್ಲಿ ಸುಮಾರು 4ಕ್ಕೆ ಇಳಿಯುತ್ತದೆ, 10 ಮಿ.ಮೀ. ಹಾಳೆಯಲ್ಲಿ 3ರ ಹತ್ತಿರ. ವರ್ಷವಿಡೀ ಹಾಗೇ ಇರುತ್ತದೆ, ಹಾಕಿ ತೆಗೆಯುವ ಗೋಳಿಲ್ಲ. ಆದರೆ ತೆಳು ಹಾಳೆ ಜೋರು ಗಾಳಿಗೆ ಬಾಗಿ ಚೌಕಟ್ಟಿನಿಂದ ಕಳಚಿಕೊಳ್ಳುತ್ತದೆ. ತುದಿಗಳನ್ನು ಟೇಪಿನಿಂದ ಮುಚ್ಚದಿದ್ದರೆ ಒಳಗಿನ ಕೊಳವೆಗಳಲ್ಲಿ ಪಾಚಿ ಬೆಳೆಯುತ್ತದೆ. ಹೊಸ ಗ್ರೀನ್‌ಹೌಸ್ ಕೊಳ್ಳುವವರು 10 ಮಿ.ಮೀ.ನದ್ದನ್ನೇ ತಗೊಳ್ಳಿ. ಗಾಜು ಚೆನ್ನಾಗಿರುವಾಗ ಕಿತ್ತು ಇದನ್ನು ಹಾಕಿಸುವುದು ಸುಮ್ನೆ ದುಡ್ಡು ದಂಡ.

ಏಪ್ರಿಲ್ ಬಂದರೆ ಆಟ ತಿರುಗುತ್ತದೆ. ಬಬಲ್ ರ‍್ಯಾಪ್ ಬಿಚ್ಚಿ, ಒರೆಸಿ, ಒಣಗಿಸಿ ಎತ್ತಿಡಬೇಕು. ಮೊಳಕೆಗಳಿಗೆ ಆಗ ಬೇಕಾದದ್ದು ಬೆಳಕು. ಜೂನ್‌ನಲ್ಲಿ ನೆರಳು ಬೇಕಾಗುತ್ತದೆ. ಗಾಜಿಗೆ ಬಳಿಯುವ ಬಿಳಿ ಬಣ್ಣ ಅಗ್ಗ, ಆದರೆ ಮೋಡ ಕವಿದ ದಿನವೂ ಬೆಳಕು ತಿನ್ನುತ್ತದೆ. ನೆರಳಿನ ಬಲೆಯನ್ನು ಬೇಕಾದಾಗ ಹಾಕಬಹುದು, ಬೇಡವಾದಾಗ ತೆಗೆಯಬಹುದು. ಗಾಜಿನ ಹೊರಗಡೆಯೇ ಕಟ್ಟಿ. ಒಳಗೆ ಕಟ್ಟಿದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ, ಬಲೆಯೇ ಕಾದು ಒಳಗಿನ ಗಾಳಿಯನ್ನು ಬಿಸಿ ಮಾಡುತ್ತದೆ.